ಡ್ರಮ್ಮಿನ ಮೇಲೆ ಕೆಂಪಾದ ಭಂಡಾರ

ವಾಲ್ವಿನ ಹಿಡಿ ಹುಲಿಗೆವ್ವನ ಸೊಂಟದಲ್ಲಿತ್ತು.

ಹೊಲಕ್ಕೆ ಹೊರಟ ಹೆಣ್ಣುಮಗಳು ಕುಡುಗೋಲು ಸಿಕ್ಕಿಸಿಕೊಳ್ಳುವ ಹಾಗೆ ಆ ಗೇಣುದ್ದದ ಕಬ್ಬಿಣವನ್ನು ಸಿಕ್ಕಿಸಿಕೊಂಡು, ಸೆರಗು ಬಿಗಿದು, ಪಂಪ್ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು. ಅದಿಲ್ಲದೆ ಈಜುಕೊಳದ ನೀರನ್ನು ಖಾಲಿ ಮಾಡುವಂತಿರಲಿಲ್ಲ; ಆ ನೀರೇ ತನ್ನ ಸಾಕ್ಷಿ ಎಂದು ಅವಳು ಅದನ್ನು ಬಿಟ್ಟುಕೊಟ್ಟಿರಲಿಲ್ಲ.

“ಕೊಡಮ್ಮ ಅದನ್ನ,” ಎಂದರು ಮಾಧವರಾಯರು, ಮೂರನೆಯ ಸಲ.

“ಕೊಡಂಗಿಲ್ಲ ರೀ ಸರ್,” ಎಂದಳು ಹುಲಿಗೆವ್ವ. ಅವಳದೂ ಮೂರನೆಯ ಸಲವೇ.

ಜೆ.ಪಿ. ನಗರ ಏಳನೇ ಹಂತದ ಆ ಅಪಾರ್ಟ್‌ಮೆಂಟಿನ ಕೊಳದಲ್ಲಿ ಈಜಿದ ಏಳು ಮಕ್ಕಳು ವಾಂತಿಭೇದಿಯಾಗಿ ಮಲಗಿ ಅಂದಿಗೆ ನಾಲ್ಕು ದಿನ. ಆರು ಮಕ್ಕಳು ಚೇತರಿಸಿಕೊಂಡಿದ್ದರು. ಏಳನೆಯ ಮಗು, ಒಂಬತ್ತು ವರ್ಷದ ಇಂಚರ, ಇನ್ನೂ ಆಸ್ಪತ್ರೆಯ ಹಾಸಿಗೆಯಲ್ಲಿತ್ತು. ಅವಳು ಮಾಧವರಾಯರ ಮೊಮ್ಮಗಳು. ಮಾಧವರಾಯರು ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ. ಹುಲಿಗೆವ್ವ ಮೂರು ವರ್ಷದಿಂದ ಆ ಕೊಳವನ್ನು ನೋಡಿಕೊಳ್ಳುತ್ತಿದ್ದ ಹೆಂಗಸು.

ಕೊಳದ ಪಕ್ಕದ ಮೇಜಿನ ಮೇಲೆ ಒಂದು ಕಾಗದವಿತ್ತು. ಎಂಟು ದಿನ ನೀರಿಗೆ ಕ್ಲೋರಿನ್ ಹಾಕುವುದನ್ನು ಮರೆತೆ, ತಪ್ಪು ನನ್ನದೇ ಎಂದು ಅದರಲ್ಲಿ ಟೈಪ್ ಮಾಡಿಸಲಾಗಿತ್ತು. ಕೆಳಗೆ ಅವಳ ಸಹಿಗೆ ಖಾಲಿ ಜಾಗ. ನಾಲ್ಕು ಗಂಟೆಯೊಳಗೆ ಸಹಿ ಹಾಕಿದರೆ ಸದ್ದಿಲ್ಲದೆ ಕೆಲಸ ಬಿಟ್ಟು ಹೋಗಬಹುದು. ಹಾಕದಿದ್ದರೆ ಪೊಲೀಸರಿಗೆ ದೂರು.

ಆಗ ಮೂರು ಗಂಟೆ ಹತ್ತು ನಿಮಿಷ.

ಮೇಜಿನ ಇನ್ನೊಂದು ಬದಿಯಲ್ಲಿ ಕುಳಿತಿದ್ದ ತನ್ಮಯಿ ಇದುವರೆಗೆ ಬಾಯಿ ತೆರೆದಿರಲಿಲ್ಲ. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಅವಳ ತಂದೆಯದೊಂದು ಗ್ರಂಧಿಗೆ ಅಂಗಡಿ. ಅದರ ಮೇಲಿನ ಕೋಣೆಯಲ್ಲಿ ಅವಳ ಪತ್ತೇದಾರಿ ಕಚೇರಿ. ಆ ದಿನ ಬೆಳಿಗ್ಗೆ ಅರಿಶಿನ, ಕರ್ಪೂರ, ಲಾವಂಚಗಳ ವಾಸನೆಯನ್ನು ಹಾದು ಮೆಟ್ಟಿಲು ಹತ್ತಿ ಬಂದ ಹುಲಿಗೆವ್ವ ಅತ್ತಿರಲಿಲ್ಲ, ಬೇಡಿಕೊಂಡಿರಲಿಲ್ಲ. ತಾನು ಸುಳ್ಳು ಹೇಳುತ್ತಿಲ್ಲ ಎಂದು ನಾಲ್ಕು ಜನರೆದುರು ತೋರಿಸಿಕೊಡಬೇಕು ಎಂದಷ್ಟೇ ಕೇಳಿದ್ದಳು.

ತನ್ಮಯಿ ಎದ್ದು ಕೊಳದ ಅಂಚಿಗೆ ಹೋದಳು.

ನೀರು ಕನ್ನಡಿಯಂತಿತ್ತು. ತಳದ ನೀಲಿ ಹಂಚುಗಳ ನಡುವಿನ ಸಿಮೆಂಟಿನ ಗೆರೆಯೂ ಎಣಿಸುವಷ್ಟು ಸ್ಪಷ್ಟ. ತಿಳಿಯಾದ ನೀರನ್ನು ನಂಬುವುದು ಮನುಷ್ಯನ ಹಳೆಯ ಅಭ್ಯಾಸ. ಕಲ್ಯಾಣಿಯ ಮೆಟ್ಟಿಲಿಳಿದವರು ತಳ ಕಂಡರೆ ಸಾಕು, ಕೈಮುಗಿದು ಬೊಗಸೆಯಲ್ಲಿ ತುಂಬಿಕೊಳ್ಳುತ್ತಾರೆ. ಅದರೊಳಗೆ ಕಣ್ಣಿಗೆ ಕಾಣದೆ ಬದುಕುವ ಜೀವಗಳೂ ಇವೆ, ಅವನ್ನೂ ಭಗವಂತನೇ ಸೃಷ್ಟಿಸಿದ್ದಾನೆ ಎಂಬುದು ಆ ಕ್ಷಣ ಯಾರಿಗೂ ನೆನಪಾಗುವುದಿಲ್ಲ.

“ನೋಡಿ ಮೇಡಂ, ನೀರು ಹೆಂಗಿದೆ,” ಎಂದರು ಮಾಧವರಾಯರು, ಹಿಂದಿನಿಂದ. “ಕೆಮಿಕಲ್ ಸರಿ ಇಲ್ಲ ಅಂತ ಯಾರಾದ್ರೂ ಹೇಳ್ತಾರಾ? ತಂದುಕೊಟ್ಟಿದ್ದನ್ನ ಇವಳು ದಿನಾ ಹಾಕಿಲ್ಲ, ಅಷ್ಟೇ.”

“ದಿನಾ ಹಾಕೀನಿ,” ಎಂದಳು ಹುಲಿಗೆವ್ವ. “ಒಂದಿನಾನೂ ತಪ್ಪಿಸಿಲ್ಲ.”

ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿರಬೇಕು ಎಂದು ಯಾರಿಗಾದರೂ ತೋರುವಂಥ ಮಾತು ಅದು. ತನ್ಮಯಿಗೆ ಹಾಗೆ ತೋರಲಿಲ್ಲ. ಅವಳು ಪಂಪ್ ಕೋಣೆಯನ್ನು ನೋಡಬೇಕೆಂದಳು. ಹುಲಿಗೆವ್ವ ಅವಳೊಬ್ಬಳಿಗೆ ಮಾತ್ರ ಬಾಗಿಲು ಬಿಟ್ಟಳು.

ಒಳಗೆ ಮೊದಲು ಕಂಡದ್ದು ನೀರು ಪರೀಕ್ಷಿಸುವ ಪುಟ್ಟ ಡಬ್ಬಿ. ಎರಡು ಗಾಜಿನ ನಳಿಕೆ, ಎರಡು ಹನಿಬಾಟಲಿ. ಕೊಳದ ನೀರಿಗೆ ಒಂದು ಬಾಟಲಿಯ ಹನಿ ಬಿಟ್ಟಾಗ ಹಳದಿ ಬಂದರೆ ಕ್ಲೋರಿನ್ ಇದೆ ಎಂದರ್ಥ. ಆ ಬಾಟಲಿ ಒಣಗಿ ಖಾಲಿಯಾಗಿತ್ತು.

ಮೂರು ವಾರದಿಂದ ಅದು ಖಾಲಿ ಎಂದು ಹುಲಿಗೆವ್ವ ಹೇಳಿದಳು. ಬರೆಯಲು ಅಷ್ಟು ಬಾರದ್ದರಿಂದ ಸಂಘದ ಮೊಬೈಲಿಗೆ ಮೂರು ಸಲ ಮಾತಿನಲ್ಲೇ ಸಂದೇಶ ಕಳಿಸಿದ್ದಳು. ತನ್ಮಯಿ ಅವಳ ಫೋನಿನಲ್ಲಿ ಅವನ್ನು ಕೇಳಿದಳು. ಮೂರಕ್ಕೂ ಒಂದೇ ಉತ್ತರ ಬಂದಿತ್ತು: ನೀರು ಚೆನ್ನಾಗಿ ಕಾಣ್ತಿದೆಯಲ್ಲ, ಟೆಸ್ಟ್ ಯಾಕೆ.

“ಈ ಹೊಸ ಡ್ರಮ್ ಬಂದ್ಮೇಲೆ ನೀರಲ್ಲಿ ಏನಾದ್ರೂ ವ್ಯತ್ಯಾಸ ಆಯ್ತಾ ಅಕ್ಕ?” ಎಂದು ತನ್ಮಯಿ ಗೋಡೆಯ ಬಳಿಯಿದ್ದ ಕ್ಲೋರಿನ್ ಡ್ರಮ್ಮನ್ನು ತೋರಿಸಿದಳು.

ಆಗಿತ್ತು. ಮೊದಲ ನಾಲ್ಕೈದು ದಿನ ಏನೂ ಇಲ್ಲ. ಆಮೇಲೆ ಪುಡಿ ಹಾಕಿದಾಗಲೆಲ್ಲ ನೀರು ಮಜ್ಜಿಗೆಯಂತೆ ಬೆಳ್ಳಗಾಗುತ್ತಿತ್ತು. ಹೇಳಿದ್ದಕ್ಕೆ ಮಾಧವರಾಯರು ಪಟಿಕದ ಗಟ್ಟಿಗಳನ್ನು ತರಿಸಿಕೊಟ್ಟರು. ಸಂಜೆ ಪಟಿಕ ಕರಗಿಸಿ ಬಿಟ್ಟರೆ ಬೆಳಿಗ್ಗೆ ಹೊತ್ತಿಗೆ ಬಿಳುಪೆಲ್ಲ ತಳಕ್ಕೆ ಕೂರುತ್ತಿತ್ತು, ಅವಳು ಅದನ್ನು ಪೈಪಿನಿಂದ ಎಳೆದು ಹೊರಹಾಕುತ್ತಿದ್ದಳು. ಕೊಳ ಎಂದೂ ಇಷ್ಟು ತಿಳಿಯಾಗಿರಲಿಲ್ಲ ಎಂದು ಜನ ಹೊಗಳಿ, ಸಂಘದ ಗ್ರೂಪಿನಲ್ಲಿ ಫೋಟೋ ಹಾಕಿದ್ದರು.

ತನ್ಮಯಿ ಡ್ರಮ್ಮಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಳು.

ನೀಲಿ ಪ್ಲಾಸ್ಟಿಕ್ ಡ್ರಮ್ಮು. ಮೇಲೆ ದೊಡ್ಡ ಕಂಪನಿಯದರಂತೆ ಕಾಣುವ ಚೀಟಿ, ಕ್ಲೋರಿನ್ ಶೇಕಡಾ ಅರವತ್ತೈದು ಎಂಬ ಅಚ್ಚು. ಮುಚ್ಚಳದ ಸುತ್ತ, ಪುಡಿ ಮೆತ್ತಿದ ಅಂಚಿನಲ್ಲಿ ಮೂರು ಬೆರಳಿನಿಂದ ಎಳೆದ ಪಟ್ಟೆ. ಪಟ್ಟೆಯ ಬಣ್ಣ ಗಾಢ ಕೆಂಪು.

“ಕುಂಕುಮ ಹಚ್ಚಿದ್ದೀರಾ?”

ಅಷ್ಟು ಹೊತ್ತು ನೆಟ್ಟಗೆ ನಿಂತಿದ್ದ ಹುಲಿಗೆವ್ವ ಆಗ ಮೊದಲ ಬಾರಿಗೆ ತಲೆ ತಗ್ಗಿಸಿದಳು.

ತನ್ಮಯಿ ಕಾದಳು. ಭಕ್ತಿಯ ಮಾತನ್ನು ಅವಸರದಿಂದ ಹೊರಗೆಳೆಯಬಾರದೆಂದು ಅವಳಿಗೆ ಅಪ್ಪನ ಅಂಗಡಿಯ ಕಟ್ಟೆ ಕಲಿಸಿತ್ತು.

ಕೊನೆಗೆ ಹುಲಿಗೆವ್ವನೇ ತಗ್ಗಿದ ದನಿಯಲ್ಲಿ ಹೇಳಿದಳು. ಅವಳ ಊರ ಕಡೆ ದೇವಿ ಅವ್ವನಿಗೆ ನಡೆದುಕೊಳ್ಳುವವರು ಯಾವ ಕೆಲಸಕ್ಕೂ ಮೊದಲು ಭಂಡಾರ ಹಚ್ಚುತ್ತಾರೆ. ಭಂಡಾರ ಎಂದರೆ ಬರೀ ಅರಿಶಿನ. ಮಂಗಳವಾರ, ಶುಕ್ರವಾರ ಅವಳು ಅದನ್ನು ನೀರಿನಲ್ಲಿ ಕಲಸಿ ಪಂಪಿಗೂ ಡ್ರಮ್ಮಿಗೂ ಹಚ್ಚುತ್ತಿದ್ದಳು. ಮೂರು ವರ್ಷವೂ ಆ ಪಟ್ಟೆ ಸಂಜೆಯೊಳಗೆ ಬೆಳ್ಳಗೆ ಮಾಸಿಹೋಗುತ್ತಿತ್ತು. ಆದರೆ ಹೋದ ವಾರ, ಮಕ್ಕಳು ಮಲಗುವುದಕ್ಕೆ ನಾಲ್ಕು ದಿನ ಮೊದಲು, ಹಳದಿ ಪಟ್ಟೆ ಅವಳ ಕಣ್ಣೆದುರೇ ಕೆಂಪಾಯಿತು. ಸಂಜೆಯಾದರೂ ಮಾಸಲಿಲ್ಲ.

“ಭಂಡಾರ ಕುಂಕುಮ ಆತು ಅಂದ್ರ ಅವ್ವ ಬಂದಾಳ ಅಂದ್ಕೊಂಡೆ,” ಎಂದಳು. “ಯಾರಿಗೂ ಹೇಳಲಿಲ್ಲ. ನಮಸ್ಕಾರ ಮಾಡಿ, ಅದೇ ಪುಡಿ ಇನ್ನೊಂದು ಬೊಗಸಿ ಜಾಸ್ತಿ ಹಾಕಿದೆ.”

ತನ್ಮಯಿ ನಗಲಿಲ್ಲ. ಮುಚ್ಚಳ ತೆಗೆದಳು. ಮೇಲಿನಿಂದ ಕ್ಲೋರಿನ್ನಿನ ವಾಸನೆ ಇನ್ನೂ ಸಣ್ಣಗೆ ಇತ್ತು. ಮೊಳಕೈವರೆಗೆ ಕವರ್ ಸುತ್ತಿಕೊಂಡು ಒಳಗೆ ಕೈಹಾಕಿ ಒಂದು ಹಿಡಿ ತೆಗೆದಳು. ಕ್ಲೋರಿನ್ ಹರಳುಗಳು ಸಕ್ಕರೆಯಂತೆ ಬೆರಳಿಗೆ ಸಿಗಬೇಕು. ಇದು ಹಿಟ್ಟಿನಂತೆ ಜಾರಿತು.

“ಹಳೇ ಡ್ರಮ್ ಇದೆಯಾ?”

ಇತ್ತು, ಮೂಲೆಯಲ್ಲಿ ಬೋರಲಾಗಿ. ಅದರ ತಳಕ್ಕೆ ಅಂಟಿಕೊಂಡ ಒಂದು ಚಮಚದಷ್ಟು ಹರಳು ಸಾಕಾಯಿತು.

ಹೊರಗೆ ಬಂದಾಗ ಮೂರೂವರೆ. ತನ್ಮಯಿ ಅಲ್ಲೇ ಬಿದ್ದಿದ್ದ ಒಂದು ಬಿಳಿ ಹಂಚನ್ನು ಮೇಜಿನ ಮೇಲಿಟ್ಟು, ಹುಲಿಗೆವ್ವನ ಚೀಲದಲ್ಲಿದ್ದ ಭಂಡಾರವನ್ನು ನೀರಿನಲ್ಲಿ ಕಲಸಿ ಎರಡು ಬೊಟ್ಟಿಟ್ಟಳು. ಎಡಗಡೆಯ ಬೊಟ್ಟಿನ ಮೇಲೆ ಹಳೆಯ ಡ್ರಮ್ಮಿನ ಹರಳು, ಬಲಗಡೆಯದರ ಮೇಲೆ ಹೊಸ ಡ್ರಮ್ಮಿನ ಪುಡಿ.

“ಏನಿದು, ಪೂಜೆನಾ?” ಎಂದರು ಮಾಧವರಾಯರು.

“ಐದು ನಿಮಿಷ ಕೂತ್ಕೊಳ್ಳಿ ಸಾರ್.”

ಎರಡೂ ಕೆಂಪಾದವು. ಆಮೇಲೆ ಎಡಗಡೆಯ ಕೆಂಪು ಅಂಚಿನಿಂದ ಕರಗತೊಡಗಿತು. ಕಿತ್ತಳೆಯಾಗಿ, ತೆಳು ಹಳದಿಯಾಗಿ, ಕೊನೆಗೆ ಅಲ್ಲಿ ಅರಿಶಿನ ಇತ್ತೆಂಬ ಗುರುತೂ ಉಳಿಯಲಿಲ್ಲ. ಬಲಗಡೆಯದು ಕೆಂಪಾಗಿಯೇ ಕುಳಿತಿತ್ತು.

“ನಿಮ್ಮನೇಲಿ ಆರತಿ ನೀರು ಹೆಂಗೆ ಮಾಡ್ತಾರೆ ಸಾರ್?” ತನ್ಮಯಿ ಕೇಳಿದಳು.

ಮಾಧವರಾಯರಿಗೆ ಗೊತ್ತಿತ್ತು. ಮದುವೆ, ನಾಮಕರಣ ಕಂಡ ಯಾರಿಗೆ ಗೊತ್ತಿಲ್ಲ? ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದರೆ ಕೆಂಪು.

“ಕ್ಲೋರಿನ್ ಅರಿಶಿನದ ಬಣ್ಣಾನ ತಿಂದುಬಿಡುತ್ತೆ. ಸುಣ್ಣಕ್ಕೆ ಆ ಶಕ್ತಿ ಇಲ್ಲ. ಈ ಡ್ರಮ್ಮಲ್ಲಿ ಮೇಲೆ ಒಂದು ಪದರ ಮಾತ್ರ ನಿಜವಾದ ಮಾಲು. ಕೆಳಗೆಲ್ಲ ಸುಣ್ಣದ ಪುಡಿ. ಇವರು ಹಾಕಿಲ್ಲ ಅಂತ ಹೇಳ್ಬೇಡಿ. ದಿನಾ ಹಾಕಿದ್ದಾರೆ. ಹಾಕಿದ್ದೆಲ್ಲ ಸುಣ್ಣ.”

ಸುಣ್ಣ ನೀರನ್ನು ಕದಡಿತ್ತು. ಪಟಿಕ ಅದನ್ನು ತಿಳಿಗೊಳಿಸಿತ್ತು. ತಿಳಿಯಾದ ಆ ನೀರಿನಲ್ಲಿ ರೋಗಾಣುವನ್ನು ಕೊಲ್ಲುವಂಥದ್ದು ಏನೂ ಇರಲಿಲ್ಲ, ಮತ್ತು ಅದರಲ್ಲಿ ಮಕ್ಕಳು ಎಂಟು ದಿನ ಈಜಿದ್ದರು.

ಮಾಧವರಾಯರು ಕನ್ನಡಕ ತೆಗೆದು ಒರೆಸಿದರು. ಆಮೇಲೆ ಹುಲಿಗೆವ್ವನ ಕಡೆಗೆ ತಿರುಗಿದಾಗ ಅವರ ದನಿ ಹರಿತವಾಗಿತ್ತು.

“ಸರಿ. ಈ ಪುಡಿ ಮಾರಿದ ಅಂಗಡಿ ನಂಬರ್ ನಮಗೆ ಕೊಟ್ಟಿದ್ದು ಯಾರು ಅಂತ ಮೇಡಂಗೆ ಹೇಳಿದ್ದೀಯಾ?”

ತನ್ಮಯಿ ಹುಲಿಗೆವ್ವನನ್ನು ನೋಡಿದಳು. ಬೆಳಿಗ್ಗೆ ಇದೇ ಪ್ರಶ್ನೆಗೆ ಅವಳು ನೆನಪಿಲ್ಲ ಎಂದಿದ್ದಳು.

“ನಾನ ಕೊಟ್ಟಿದ್ದು,” ಎಂದಳು ಹುಲಿಗೆವ್ವ.

ಬೇಸಿಗೆಗೆ ಮುಂಚೆ ಸಂಘದ ಸಭೆಯಲ್ಲಿ ಕ್ಲೋರಿನ್ ದುಬಾರಿಯಾಯಿತು, ಅಗ್ಗದ್ದು ಸಿಗದಿದ್ದರೆ ಕೊಳವನ್ನೇ ಮುಚ್ಚಿಬಿಡೋಣ ಎಂಬ ಮಾತು ಬಂದಿತ್ತು. ಕೊಳ ಮುಚ್ಚಿದರೆ ಅವಳ ಕೆಲಸವೂ ಮುಚ್ಚುತ್ತಿತ್ತು. ಅವಳ ತಮ್ಮ ಹನಮಂತ ಬೇಗೂರಿನ ಕಡೆ ಮುತ್ತುರಾಜ ಎಂಬವನ ಕೆಮಿಕಲ್ ಗೋದಾಮಿನಲ್ಲಿ ಡ್ರಮ್ ತುಂಬುವ ಕೆಲಸಕ್ಕಿದ್ದ. ಅವಳು ಆ ನಂಬರ್ ಕೊಟ್ಟಳು. ಆಮೇಲಿನ ಚೌಕಾಸಿಯೆಲ್ಲ ಮಾಧವರಾಯರದೇ; ಅವರು ಕೇಳಿದ ಬೆಲೆಗೆ ಮುತ್ತುರಾಜ ಎರಡನೇ ಮಾತಿಲ್ಲದೆ ಒಪ್ಪಿದ್ದ.

“ತಮ್ಮನನ್ನ ಉಳಿಸೋಕೆ ನೆನಪಿಲ್ಲ ಅಂದ್ರಾ?” ತನ್ಮಯಿ ಕೇಳಿದಳು.

“ಹೂಂ ರೀ.”

“ನೋಡಿದ್ರಾ,” ಎಂದರು ಮಾಧವರಾಯರು. “ಅಕ್ಕ ನಂಬರ್ ಕೊಟ್ಟಳು, ತಮ್ಮ ಸುಣ್ಣ ತುಂಬಿದ. ನನ್ನ ಮೊಮ್ಮಗಳು ಅಲ್ಲಿ ಮಲಗಿದ್ದಾಳೆ. ಸೈನ್ ಮಾಡು.”

ಹುಲಿಗೆವ್ವ ಮೇಜಿನ ಹತ್ತಿರ ಬಂದಳು. ಕಾಗದವನ್ನು ಎತ್ತಿಕೊಂಡಳು. ಅವಳು ಸೋತಳೆಂದೇ ತನ್ಮಯಿ ಒಂದು ಕ್ಷಣ ಅಂದುಕೊಂಡಳು.

“ಸರ್, ನಾ ನಂಬರ್ ಕೊಟ್ಟೀನಿ. ಅಂಗಂತ ಬರದು ಕೊಡ್ರಿ, ಈಗ ಹೆಬ್ಬಟ್ಟು ಒತ್ತತೀನಿ. ಕೆಂಪಾದದ್ದು ನೋಡಿ ಬಾಯಿ ಮುಚ್ಚಿಕೊಂಡೆ, ಅದೂ ನಂದ ತಪ್ಪು, ಅದನ್ನೂ ಬರೀರಿ. ಆದ್ರ ಹಾಕೋದು ಮರತೆ ಅಂತ ಬರದೀರಲ್ಲ, ಅದು ಸುಳ್ಳು. ನನ್ನ ಕೈ ಒಂದಿನಾ ಮರತಿಲ್ಲ. ಸುಳ್ಳಿಗೆ ಸೈನ್ ಮಾಡಂಗಿಲ್ಲ. ಪೊಲೀಸರನ್ನ ಕರೀರಿ. ನಾ ಇಲ್ಲೇ ಇರ್ತೀನಿ.”

ಕಾಗದವನ್ನು ನಾಲ್ಕು ಮಡಿಕೆ ಮಾಡಿ ತನ್ನ ಚೀಲದಲ್ಲಿ ಇಟ್ಟುಕೊಂಡಳು.

ತನ್ಮಯಿ ಹನಮಂತನಿಗೆ ಫೋನ್ ಮಾಡುವಂತೆ ಹೇಳಿದಳು. ಹುಲಿಗೆವ್ವ ತಮ್ಮನ ಹೆಸರು ಒತ್ತಿದಳು. ಸ್ಪೀಕರ್ ಹಾಕಿದ್ದೂ ಅವಳೇ. ಡ್ರಮ್ಮಿನಲ್ಲಿ ಸುಣ್ಣ ತುಂಬಿದ್ದು ನೀನೇನಾ ಎಂದು ನೇರವಾಗಿ ಕೇಳಿದಳು.

ಹನಮಂತ ಒಪ್ಪಿಕೊಂಡ. ಮಾಲೀಕ ಹೇಳಿದ, ಅವನು ತುಂಬಿದ. ಡ್ರಮ್ ಎಲ್ಲಿಗೆ ಹೋಗುತ್ತದೆಂಬುದು ಟೆಂಪೋ ಹೊರಟ ಮೇಲೆ, ಗೋದಾಮಿನಲ್ಲಿ ಉಳಿದ ಸಾಗಣೆ ಚೀಟಿ ನೋಡಿದಾಗಲೇ ಗೊತ್ತಾಗಿದ್ದು. ಅಕ್ಕನಿಗೆ ಹೇಳಿದರೆ ಗೋದಾಮಿಗೇ ಬಂದು ಜಗಳ ತೆಗೆಯುತ್ತಾಳೆ, ಇದ್ದ ಕೆಲಸವೂ ಹೋಗುತ್ತದೆ ಎಂದು ಹೆದರಿದ್ದ.

“ಆದ್ರ ಸುಮ್ನ ಕುಂತಿಲ್ಲ ಅಕ್ಕಾ,” ಎಂದ. “ಮರುದಿನಾನ ಚೀಟಿ ಮ್ಯಾಲಿದ್ದ ನಿಮ್ಮ ಸಂಘದ ನಂಬರಿಗೆ ಫೋನ್ ಹಚ್ಚಿದ್ದೆ. ಹೆಸರು ಹೇಳಲಿಲ್ಲ. ಆ ಪುಡಿ ನೀರಿಗೆ ಹಾಕಬ್ಯಾಡ್ರಿ, ವಾಪಸ್ ಕಳಸ್ರಿ ಅಂದೆ. ಒಬ್ಬರು ಹೆಣ್ಣುಮಗಳು ತಗೊಂಡಿದ್ರು.”

“ಏನಂದ್ರು?” ತನ್ಮಯಿ ಕೇಳಿದಳು.

“ಗೊತ್ತಾಯ್ತು, ನಾನು ನೋಡ್ಕೋತೀನಿ, ಇದನ್ನ ಬೇರೆ ಯಾರಿಗೂ ಹೇಳ್ಬೇಡಿ ಅಂದ್ರು.”

ಕೊಳದ ಮೇಲೆ ಗಾಳಿ ಹಾಯಿತು. ತಳದ ಹಂಚುಗಳು ಒಮ್ಮೆ ಅಲುಗಿದಂತೆ ಕಂಡು ಮತ್ತೆ ಸುಮ್ಮನಾದವು.

ಸಂಘದ ಮೊಬೈಲು ಮೇಜಿನ ಮೇಲೆಯೇ ಇತ್ತು. ಅದು ಯಾವಾಗಲೂ ಕಾರ್ಯದರ್ಶಿಯ ಬಳಿ ಇರುವಂಥದ್ದು. ಡ್ರಮ್ ಬಂದ ವಾರ ಅದು ಯಾರ ಕೈಯಲ್ಲಿತ್ತೆಂದು ತನ್ಮಯಿ ಕೇಳಿದಳು.

ಮಾಧವರಾಯರ ಮುಖದಲ್ಲಿದ್ದ ಕೋಪ ಎಲ್ಲಿಗೋ ಹೋಗಿತ್ತು. ಆ ವಾರ ತಮಗೆ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು, ಫೋನು ಮನೆಯಲ್ಲಿತ್ತು ಎಂದರು. ಮನೆಯಲ್ಲಿದ್ದ ಹೆಂಗಸು ಒಬ್ಬಳೇ: ಅವರ ಸೊಸೆ ಜಯಾ. ಇಂಚರಳ ತಾಯಿ.

“ಇದನ್ನ ಇಲ್ಲಿಗೇ ಬಿಡೋಣ,” ಎಂದರು. ಆ ದನಿ ಈಗ ಬೇಡುತ್ತಿತ್ತು. “ಹುಲಿಗೆವ್ವ, ಪೊಲೀಸು ಗಿಲೀಸು ಏನೂ ಬೇಡ. ನಿನ್ನ ಕೆಲಸಾನೂ ಇರ್ಲಿ. ಆ ಕಾಗದಕ್ಕೊಂದು ಸೈನ್ ಮಾಡಿಬಿಡಮ್ಮ.”

“ಬೈದಾಗ ಮಾಡಲಿಲ್ಲ ಸರ್,” ಎಂದಳು ಅವಳು. “ಕೈಮುಗದ್ರ ಮಾಡತೀನೇನು?”

ಅಷ್ಟರಲ್ಲಿ ಸಂಘದ ಮೊಬೈಲು ರಿಂಗಾಯಿತು. ಪರದೆಯ ಮೇಲೆ ಜಯಾ ಎಂದಿತ್ತು. ಮಾಧವರಾಯರು ಕೈಚಾಚುವ ಮೊದಲೇ ತನ್ಮಯಿ ಅದನ್ನು ಎಳೆದುಕೊಂಡು ಸ್ಪೀಕರ್ ಒತ್ತಿದಳು.

“ಮಾವ, ಆ ಹುಲಿಗೆವ್ವ ಸೈನ್ ಮಾಡಿದ್ಲಾ?”

ಆಸ್ಪತ್ರೆಯ ಹಾಸಿಗೆಯ ಪಕ್ಕದಿಂದ ಒಬ್ಬ ತಾಯಿ ಕೇಳಿದ ಮೊದಲ ಮಾತು ಅದು.

ಹುಲಿಗೆವ್ವ ಫೋನಿನ ಮೇಲೆ ಬಾಗಿದಳು. “ಇಲ್ಲ ರೀ ಅಕ್ಕಾರ. ನಾನ ಮಾತಾಡಾಕತ್ತೀನಿ. ಸೈನ್ ಮಾಡಂಗಿಲ್ಲ. ಕೂಸು ಹೆಂಗೈತಿ?”

ಆ ಕಡೆ ಯಾರೋ ಟ್ರಾಲಿ ತಳ್ಳಿಕೊಂಡು ಹೋದ ಸದ್ದು, ನರ್ಸಿನ ದನಿ.

“ಬೆಳಿಗ್ಗೆ ಗಂಜಿ ಕುಡಿದ್ಲು,” ಎಂದಳು ಜಯಾ. “ನೀನು ಸೈನ್ ಮಾಡ್ಲಿಲ್ವಲ್ಲ, ಒಳ್ಳೇದಾಯ್ತು. ಮಾಡ್ಬೇಡ. ಯಾರು ಏನು ಹೇಳಿದ್ರೂ ಮಾಡ್ಬೇಡ. ಆ ಪುಡಿ ಹಾಕ್ಬೇಡಿ ಅಂತ ಫೋನ್ ಬಂದ ದಿನಾನೇ ನಾನು ಮಾವನಿಗೆ ಎಲ್ಲ ಹೇಳಿದ್ದೆ, ಡ್ರಮ್ ವಾಪಸ್ ಕಳಿಸ್ತೀನಿ ಅಂತ ಅವ್ರು ನನಗೆ ಮಾತು ಕೊಟ್ರು. ನಂಬಿಬಿಟ್ಟೆ.” ಅವಳ ದನಿ ಒಡೆಯಿತು. “ನಾನು ಈಗ್ಲೇ ಆಟೋ ಹಿಡ್ಕೊಂಡು ಬರ್ತೀನಿ. ಅಲ್ಲಿವರೆಗೂ ನಮ್ಮ ಮಾವನ್ನ ಆ ಡ್ರಮ್ ಹತ್ರ ಬಿಡ್ಬೇಡ.”

ತನ್ಮಯಿ ತಲೆಯೆತ್ತಿದಳು. ಎದುರಿನ ಮಾಧವರಾಯರ ಕುರ್ಚಿ ಖಾಲಿಯಿತ್ತು.

ಪಂಪ್ ಕೋಣೆಯ ಬಾಗಿಲು ಮುಚ್ಚಿತು. ಒಳಗಿನಿಂದ ಚಿಲಕ ಬಿದ್ದ ಸದ್ದಾಯಿತು.

ಹುಲಿಗೆವ್ವ ಓಡಲಿಲ್ಲ. ನಡೆದು ಹೋಗಿ ಬಾಗಿಲ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತಳು.

“ಒಳಗ ಎಷ್ಟೊತ್ತು ಇರ್ತೀರಿ ಸರ್?” ಎಂದಳು, ಸೊಂಟದ ವಾಲ್ವಿನ ಹಿಡಿಯ ಮೇಲೆ ಕೈಯಿಟ್ಟು. “ನನಗೇನು ಅವಸರಿಲ್ಲ.”

ಒಳಗೆ ನಲ್ಲಿ ತಿರುಗಿತು, ಸುಣ್ಣದ ಪುಡಿಯನ್ನು ತೊಳೆದುಹಾಕಲು ಡ್ರಮ್ಮಿನೊಳಗೆ ನೀರು ಬೀಳತೊಡಗಿತು.